ಕಪ್ಪು ಪ್ರೋಬ್ ಎಲ್ಲಿತ್ತು?

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡೆ. ಜೂನ್ ಬಂತೆಂದರೆ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳಲಿಕ್ಕಾಗುವುದಿಲ್ಲ. ಗಾಳಿಗೆ ಎಲ್ಲೋ ಒಂದು ಹಲಸಿನ ಗೆಲ್ಲು ಲೈನಿನ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ನಾನು ಮನೆಯಿಂದಲೇ ಕೆಲಸ ಮಾಡುವವನು. ಬೆಳಕಿಲ್ಲದಿದ್ದರೆ ಹೇಗೋ ನಡೆಯುತ್ತದೆ, ಇಂಟರ್ನೆಟ್ ಇಲ್ಲದಿದ್ದರೆ ನಡೆಯುವುದಿಲ್ಲ.

ಮನೆಯಲ್ಲಿ ಸೋಲಾರ್ ಇದೆ. 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಒಟ್ಟು 24 ವೋಲ್ಟ್. ಅದರಿಂದ ಇನ್ವರ್ಟರ್, ಇನ್ವರ್ಟರ್‌ನಿಂದ 230 ವೋಲ್ಟ್, ಆ 230ಕ್ಕೆ ರೂಟರಿನ ಅಡಾಪ್ಟರ್, ಅಡಾಪ್ಟರಿನಿಂದ ಮತ್ತೆ 12 ವೋಲ್ಟ್. ಒಂದು ಚಿಕ್ಕ ರೂಟರಿಗಾಗಿ 24ರಿಂದ 230ಕ್ಕೆ ಹತ್ತಿ ಪುನಃ 12ಕ್ಕೆ ಇಳಿಯುವುದು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ರಾತ್ರಿ ಪೂರಾ ಹಾಗೆ ಬಿಟ್ಟರೆ ಬೆಳಗ್ಗೆ ಬ್ಯಾಟರಿಯಲ್ಲಿ ಏನೂ ಉಳಿದಿರುವುದಿಲ್ಲ.

ಹಾಗಾದರೆ ಒಂದೇ ಬ್ಯಾಟರಿಯಿಂದ ನೇರ 12 ವೋಲ್ಟ್ ತೆಗೆದುಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಅಪ್ಪನೂ ಅದನ್ನೇ ಕೇಳಿದರು. ಹಾಗೆ ಮಾಡಿದರೆ ಒಂದು ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ತುಂಬಿಯೇ ಇರುತ್ತದೆ. ಮರುದಿನ ಚಾರ್ಜ್ ಆಗುವಾಗ ಎರಡರಲ್ಲೂ ಹರಿಯುವುದು ಒಂದೇ ಕರೆಂಟ್. ತುಂಬಿದ್ದು ಮಿತಿ ಮೀರಿ ಕುದಿಯುತ್ತದೆ, ಖಾಲಿಯಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಎರಡೂ ಹಾಳು. ಹಾಗಾಗಿ 24ನ್ನು ಪೂರ್ತಿ ತೆಗೆದುಕೊಂಡು 12 ಮಾಡಬೇಕು. ರೂಟರ್ ಮತ್ತು ನಾಲ್ಕೈದು ಎಲ್‌ಇಡಿ ದೀಪ, ಜಾಸ್ತಿ ಅಂದರೆ 3 ಆಂಪಿಯರ್.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದೆ. ಓದಿದ್ದು ಹೌದು, ಕೈಯಿಂದ ಮಾಡಿದ್ದು ಕಡಿಮೆ. ರೆಡಿ ಮಾಡ್ಯೂಲ್ ತಂದು ಜೋಡಿಸಿದರೆ ಕೆಲಸ ಮುಗಿಯುತ್ತಿತ್ತು, ಗೊತ್ತು. ಆದರೆ ಈ ಸಲ ಅದರ ಒಳಗೆ ಏನು ನಡೆಯುತ್ತದೆ ಎಂದು ಸರಿಯಾಗಿ ತಿಳಿದುಕೊಳ್ಳಬೇಕು ಅನಿಸಿತು. ಮಳೆಗಾಲದ ರಾತ್ರಿಗಳು ಉದ್ದ, ಲ್ಯಾಪ್‌ಟಾಪ್ ಇದೆ, ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

24ನ್ನು 12 ಮಾಡಲು ಬಕ್ ಕನ್ವರ್ಟರ್ ಬೇಕು. ತೋಟಕ್ಕೆ ನೀರು ಬಿಡುವವರಿಗೆ ಇದನ್ನು ಹೇಳುವುದು ಸುಲಭ. ಗುಡ್ಡೆಯ ಮೇಲೆ ಟ್ಯಾಂಕ್ ಇದೆ, ಕೆಳಗೆ ಗಿಡಕ್ಕೆ ಅಷ್ಟು ರಭಸ ಬೇಡ. ಒಂದು ದಾರಿ ಅಂದರೆ ಗೇಟ್ ವಾಲ್ವನ್ನು ಅರ್ಧ ತೆರೆದಿಡುವುದು. ಆಗ ವಾಲ್ವ್ ಹತ್ತಿರ ಶೂ ಎಂದು ಶಬ್ದ ಬರುತ್ತದಲ್ವಾ, ನೀರಿನ ಬಲ ಅಲ್ಲೇ ಸುಮ್ನೆ ಕಳೆದುಹೋಗುತ್ತಿದೆ ಅಂತ ಅರ್ಥ. ಲೀನಿಯರ್ ರೆಗ್ಯುಲೇಟರ್ ಮಾಡುವುದು ಅದನ್ನೇ. 24ರಲ್ಲಿ 12 ವೋಲ್ಟ್ ಲೋಡಿಗೆ, ಉಳಿದ 12 ವೋಲ್ಟ್ 3 ಆಂಪಿಯರ್ ಜೊತೆ ಸೇರಿ 36 ವಾಟ್ ಬಿಸಿ. ಇನ್ನೊಂದು ದಾರಿ, ವಾಲ್ವನ್ನು ಪೂರ್ತಿ ತೆರೆಯುವುದು, ಪೂರ್ತಿ ಮುಚ್ಚುವುದು, ಪುನಃ ತೆರೆಯುವುದು. ಪೂರ್ತಿ ತೆರೆದಾಗ ವಾಲ್ವಿನಲ್ಲಿ ನಷ್ಟ ಇಲ್ಲ, ಪೂರ್ತಿ ಮುಚ್ಚಿದಾಗಲೂ ಇಲ್ಲ. ಅರ್ಧ ಸಮಯ ತೆರೆದು ಅರ್ಧ ಸಮಯ ಮುಚ್ಚಿದರೆ ಸರಾಸರಿ ಅರ್ಧ. 24ರ ಅರ್ಧ 12.

ಆದರೆ ಉದ್ದದ ಪೈಪಿನಲ್ಲಿ ನೀರು ರಭಸವಾಗಿ ಹೋಗುವಾಗ ವಾಲ್ವನ್ನು ತಟ್ಟನೆ ಮುಚ್ಚಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪೈಪ್ ಧಡ್ ಎಂದು ಬಡಿಯುತ್ತದೆ, ಕೆಲವೊಮ್ಮೆ ಜಾಯಿಂಟೇ ಕಳಚಿಕೊಳ್ಳುತ್ತದೆ. ಹರಿಯುತ್ತಿದ್ದ ನೀರಿಗೆ ಒಮ್ಮೆಲೇ ನಿಲ್ಲಲು ಆಗುವುದಿಲ್ಲ. ಇಂಡಕ್ಟರ್ ಎಂಬ ತಾಮ್ರದ ಸುರುಳಿ ಆ ಉದ್ದದ ಪೈಪ್ ಇದ್ದ ಹಾಗೆ. ಅದರಲ್ಲಿ ಹರಿಯುವ ಕರೆಂಟ್ ಒಮ್ಮೆಲೇ ನಿಲ್ಲುವುದಿಲ್ಲ. ಸ್ವಿಚ್ ಮುಚ್ಚಿದಾಗ ಅದು ಹರಿಯಲು ಬೇರೆ ದಾರಿ ಬೇಕು. ಆ ದಾರಿಯೇ ನೆಲದಿಂದ, ಅಂದರೆ ಬ್ಯಾಟರಿಯ ಮೈನಸ್ ಕಡೆಯಿಂದ, ಮೇಲೆ ಬರುವ ಡಯೋಡ್. ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕೊನೆಗೆ ಒಂದು ಕೆಪಾಸಿಟರ್, ಅದು ತೋಟದೊಳಗಿನ ಚಿಕ್ಕ ತೊಟ್ಟಿ. ಬರುವುದು ಏರಿಳಿದರೂ ಹೋಗುವುದು ಒಂದೇ ಸಮ.

ಲೆಕ್ಕ ಹಾಕಿದೆ. ಸೆಕೆಂಡಿಗೆ ಒಂದು ಲಕ್ಷ ಸಲ ಸ್ವಿಚ್, ಅಂದರೆ 100 ಕಿಲೋಹರ್ಟ್ಸ್. ಒಂದು ಸುತ್ತಿಗೆ 10 ಮೈಕ್ರೋಸೆಕೆಂಡ್, ಅದರಲ್ಲಿ 5 ತೆರೆದು 5 ಮುಚ್ಚಿ. ಇಂಡಕ್ಟರಿನ ಕರೆಂಟ್ 3 ಆಂಪಿಯರಿನ ಸುತ್ತಮುತ್ತ ಸುಮಾರು 0.9 ಆಂಪಿಯರ್ ಏರಿಳಿದರೆ ಸಾಕು ಎಂದುಕೊಂಡೆ. ಇಂಡಕ್ಟರಿನ ಮೇಲೆ ಬೀಳುವ 12 ವೋಲ್ಟನ್ನು 5 ಮೈಕ್ರೋಸೆಕೆಂಡಿನಿಂದ ಗುಣಿಸಿ 0.9ರಿಂದ ಭಾಗಿಸಿದರೆ 67 ಮೈಕ್ರೋಹೆನ್ರಿ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ಸಿಗುವುದು 68. ಕೆಪಾಸಿಟರ್ 100 ಮೈಕ್ರೋಫ್ಯಾರಡ್. ಲೋಡ್ 4 ಓಮ್. ಸ್ವಿಚ್‌ಗೆ ಎನ್-ಚಾನೆಲ್ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್, ಬ್ಯಾಟರಿಯ ಪ್ಲಸ್ ಕಡೆಗೆ. ಅದನ್ನು ತೆರೆದು ಮುಚ್ಚಿಸುವ ಕಾಲಿಗೆ ಗೇಟ್ ಎಂದು ಹೆಸರು, ಆ ಗೇಟಿಗೆ 0ದಿಂದ 12 ವೋಲ್ಟಿನ ಪಲ್ಸ್.

ಮೊದಲ ರಾತ್ರಿ ಔಟ್‌ಪುಟ್ ಸೊನ್ನೆ. ಇದು ಬೇಗ ಗೊತ್ತಾಯಿತು. ಲೋಡ್ ಇಲ್ಲದಾಗಲೂ ಏನಾದರೂ ಇರಲಿ ಎಂದು ಔಟ್‌ಪುಟ್‌ಗೆ ಅಡ್ಡವಾಗಿ ಒಂದು ಮೆಗಾಓಮ್ ರೆಸಿಸ್ಟರ್ ಹಾಕಿ, ಅಭ್ಯಾಸಬಲದಿಂದ ‘1 ಎಂ’ ಎಂದು ಬರೆದಿದ್ದೆ. ಸ್ಪೈಸ್ ಭಾಷೆಯಲ್ಲಿ ದೊಡ್ಡ ಎಂ, ಚಿಕ್ಕ ಎಂ ಎರಡೂ ಮಿಲಿಯೇ. ಮೆಗಾ ಬೇಕಾದರೆ ‘ಮೆಗ್’ ಎಂದು ಮೂರು ಅಕ್ಷರ ಬರೆಯಬೇಕು. ನಾನು ಹಾಕಿದ್ದು ಒಂದು ಮಿಲಿಓಮ್, ಅಂದರೆ ಔಟ್‌ಪುಟ್ ಶಾರ್ಟ್. ಹೊಸಬರು ಇದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಅದನ್ನು ಸರಿ ಮಾಡಿದ ಮೇಲೆ ಶುರುವಾದದ್ದು ನಿಜವಾದ ತೊಂದರೆ. ಔಟ್‌ಪುಟ್ 3.7 ವೋಲ್ಟ್.

12 ಬರಬೇಕಾದಲ್ಲಿ 11 ಬಂದರೆ ಡಯೋಡಿನ ನಷ್ಟ ಎನ್ನಬಹುದು. 3.7ಕ್ಕೆ ಏನು ಹೇಳುವುದು? ಸ್ವಿಚ್ ತೆರೆದಿರುವ ಸಮಯ ಹೆಚ್ಚಿಸಿದೆ. ಶೇಕಡಾ 70 ಮಾಡಿದರೆ 5 ಚಿಲ್ಲರೆ, 90 ಮಾಡಿದರೆ 7ರ ಹತ್ತಿರ. 24ರ ಶೇಕಡಾ 90 ಅಂದರೆ 21ಕ್ಕಿಂತ ಮೇಲೆ ಬರಬೇಕಿತ್ತು. ಇಂಡಕ್ಟರ್ ಬದಲಿಸಿದೆ, 33, 100, 220. ಏರಿಳಿತ ಬದಲಾಯಿತೇ ಹೊರತು ಸರಾಸರಿ ಕದಲಲಿಲ್ಲ. ಕೆಪಾಸಿಟರ್ ದೊಡ್ಡದು ಮಾಡಿದೆ. ಡಯೋಡ್ ತೆಗೆದು ನಷ್ಟ ಕಡಿಮೆ ಇರುವ ಶಾಟ್ಕಿ ಡಯೋಡ್ ಹಾಕಿದೆ. ಲೈಬ್ರರಿಯಲ್ಲಿದ್ದ ಬೇರೆ ಬೇರೆ ಮಾಸ್‌ಫೆಟ್ ಹಾಕಿ ನೋಡಿದೆ, ಕೆಲವದರಲ್ಲಿ ಸ್ವಲ್ಪ ಮೇಲೆ, ಕೆಲವದರಲ್ಲಿ ಸ್ವಲ್ಪ ಕೆಳಗೆ. ಫ್ರೀಕ್ವೆನ್ಸಿ ಇಳಿಸಿದೆ. ಮೂರು ರಾತ್ರಿ ಹೀಗೇ ಹೋಯಿತು. ಸಿಮ್ಯುಲೇಶನ್‌ನಲ್ಲಿ ಭಾಗ ಬದಲಿಸಲು ಖರ್ಚಿಲ್ಲ, ಬೆಸುಗೆ ಬಿಚ್ಚುವ ಕೆಲಸ ಇಲ್ಲ, ಕೈ ಸುಡುವುದಿಲ್ಲ. ಅದರಿಂದಲೇ ಯೋಚನೆ ಮಾಡುವ ಮೊದಲು ಬದಲಿಸುವ ಚಟ ಹತ್ತುತ್ತದೆ. ನಿಜವಾದ ಬೋರ್ಡ್ ಆಗಿದ್ದರೆ ಎರಡನೇ ಸಲ ಬೆಸುಗೆ ಬಿಚ್ಚುವ ಮೊದಲೇ ನಿಂತು ಯೋಚಿಸುತ್ತಿದ್ದೆ.

ಒಂದು ಸುಳಿವು ಆಗಲೇ ಸಿಕ್ಕಿತ್ತು. ಮೂರನೇ ರಾತ್ರಿ ಬ್ಯಾಟರಿಯ ವೋಲ್ಟೇಜನ್ನು 24ರಿಂದ 28ಕ್ಕೆ ಏರಿಸಿ ನೋಡಿದ್ದೆ. ಚಾರ್ಜ್ ಆಗುವಾಗ ಬ್ಯಾಟರಿ ಅಷ್ಟಕ್ಕೆ ಏರುತ್ತದೆ. ಔಟ್‌ಪುಟ್ 3.7ರಲ್ಲೇ ನಿಂತಿತ್ತು, ಕೂದಲಷ್ಟೂ ಅಲುಗಲಿಲ್ಲ. ಬಕ್ ಕನ್ವರ್ಟರಿನ ಔಟ್‌ಪುಟ್ ಬ್ಯಾಟರಿಯ ಜೊತೆ ಏರಲೇಬೇಕು. ಏರುತ್ತಿಲ್ಲ ಎಂದರೆ ಔಟ್‌ಪುಟ್ಟನ್ನು ಹಿಡಿದು ನಿಲ್ಲಿಸಿದ್ದು ಬ್ಯಾಟರಿಯಲ್ಲ, ಇನ್ಯಾವುದೋ. ಈಗ ಇದು ಸ್ಪಷ್ಟ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆ ಬರೆದುಕೊಂಡು ಪುಟ ತಿರುಗಿಸಿದ್ದೆ.

ಮರುದಿನ ಆಟಿಯ ಬಿಸಿಲು ಬಂತು. ನಮ್ಮಲ್ಲಿ ಜುಲೈ ಕೊನೆಗೆ ಮಳೆ ನಡುವೆ ಎರಡು ದಿನ ಬಿಸಿಲು ಕೊಟ್ಟರೆ ಊರಿಡೀ ಒಂದೇ ಕೆಲಸ, ಅಡಿಕೆಗೆ ಮದ್ದು ಬಿಡುವುದು. ಮಳೆಗೆ ಮೊದಲು ಒಂದು ಸಲ ಬಿಟ್ಟಿರುತ್ತೇವೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿ ಎಲ್ಲ ಉದುರುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದೇ ಬೋರ್ಡೊ ದ್ರಾವಣ. ಎಂಜಿನ್ ಸ್ಪ್ರೇಯರ್ ರಿಪೇರಿಗೆ ಹೋಗಿತ್ತು. ಬಿಸಿಲು ಕಾಯುವುದಿಲ್ಲ. ಹಾಗಾಗಿ ಅಟ್ಟದಲ್ಲಿದ್ದ, ಕೈಯಿಂದ ಜಗ್ಗುವ ಹಳೆ ಪಂಪನ್ನು ಅಪ್ಪ ಇಳಿಸಿದರು. ನನಗೆ ಪೈಪ್ ಹಿಡಿಯುವ ಕೆಲಸ.

ಕೆಳಗೆ ಅಂಗಳದಲ್ಲಿ ನೋಡುವಾಗ ನಾಝಲಿನಿಂದ ಮಂಜಿನ ಹಾಗೆ ಬರುತ್ತಿತ್ತು. ಚೆಂದ ಇತ್ತು. ಮರ ಹತ್ತುವವರು ನಾಝಲ್ ಹಿಡಿದು ಐವತ್ತಡಿ ಮೇಲೆ ಹೋದರು. ಅಲ್ಲಿಂದ ಕೂಗಿದರು, “ಪ್ರೆಶರ್ ಇಜ್ಜಿ!” ಕೆಳಗೆ ಪಂಪ್ ಜಗ್ಗುತ್ತಿದ್ದವರು ತುಳುವಿನಲ್ಲೇ ಉತ್ತರ ಕೊಟ್ಟರು, “ಮುಲ್ಪ ಎಡ್ಡೆ ಉಂಡು!” ಅಂದರೆ ಇಲ್ಲಿ ಚೆನ್ನಾಗಿಯೇ ಇದೆ. ಮೇಲಿನವರು ಇಲ್ಲ ಎನ್ನುತ್ತಾರೆ, ಕೆಳಗಿನವರು ಉಂಟು ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಂಪಿನ ವಾಷರ್ ಸವೆದಿತ್ತು, ಅದು ಕೊಡುತ್ತಿದ್ದ ಒತ್ತಡವೇ ಕಡಿಮೆ. ನೀರನ್ನು 10 ಮೀಟರ್ ಮೇಲೆ ಎತ್ತಲು ಚದರ ಸೆಂಟಿಮೀಟರಿಗೆ ಒಂದು ಕಿಲೋದಷ್ಟು ಒತ್ತಡ ಹೋಗುತ್ತದೆ. ಐವತ್ತಡಿಗೆ ಒಂದೂವರೆ ಕಿಲೋ. ಪೈಪಿನ ತಿಕ್ಕಾಟ ಬೇರೆ. ಕೆಳಗೆ ನಿಂತವನಿಗೆ ಇರುವ ಒತ್ತಡ ಮೇಲೆ ನಿಂತವನಿಗೆ ಇಲ್ಲ. ಅವರು ಮೇಲೆ ಹೋದಷ್ಟೂ ಅವರ ಪಾಲಿನದು ಕಡಿಮೆಯಾಗುತ್ತದೆ.

ಆ ಕ್ಷಣವೇ ಎಲ್ಲ ಹೊಳೆಯಿತು ಎಂದರೆ ಸುಳ್ಳಾಗುತ್ತದೆ. ಕೈತುಂಬ ಸುಣ್ಣ, ಕುತ್ತಿಗೆ ತುಂಬ ನುಸಿ, ಸರ್ಕ್ಯೂಟ್ ನೆನಪೇ ಇರಲಿಲ್ಲ. ಅಪ್ಪ ವಾಷರ್ ಬದಲಿಸಿದರು, ಕೆಲಸ ಮುಂದೆ ಹೋಯಿತು. ರಾತ್ರಿ ಊಟ ಆಗಿ ಲ್ಯಾಪ್‌ಟಾಪ್ ತೆರೆದು, ಗೇಟಿನ ಆ ಅಂದದ 12 ವೋಲ್ಟ್ ಪಲ್ಸನ್ನು ನೋಡುತ್ತ ಕೂತಾಗ ಆ ಮಾತು ಪುನಃ ಕಿವಿಗೆ ಬಂತು. ಇಲ್ಲಿ ಚೆನ್ನಾಗಿಯೇ ಇದೆ.

ಇಲ್ಲಿ, ಅಂದರೆ ನೆಲದಿಂದ ನೋಡಿದರೆ.

ಎಲ್‌ಟಿಸ್ಪೈಸ್‌ನಲ್ಲಿ ಒಂದು ತಂತಿಯ ಮೇಲೆ ಕ್ಲಿಕ್ ಮಾಡಿದರೆ ಅದರ ವೋಲ್ಟೇಜ್ ಬರುತ್ತದೆ, ನೆಲದಿಂದ ಅಳೆದದ್ದು. ಆದರೆ ಒಂದು ತಂತಿಯ ಮೇಲೆ ಒತ್ತಿ ಹಿಡಿದು ಇನ್ನೊಂದು ತಂತಿಯ ತನಕ ಎಳೆದು ಬಿಟ್ಟರೆ, ಮೊದಲಿನದರಲ್ಲಿ ಕೆಂಪು ಪ್ರೋಬ್, ಎರಡನೆಯದರಲ್ಲಿ ಕಪ್ಪು ಪ್ರೋಬ್ ಕಾಣಿಸಿ, ಎರಡರ ನಡುವಿನ ವೋಲ್ಟೇಜ್ ಬರುತ್ತದೆ. ಗೇಟಿನಿಂದ ಮಾಸ್‌ಫೆಟ್‌ನ ಸೋರ್ಸ್ ತನಕ, ಅಂದರೆ ಕರೆಂಟ್ ಹೊರಗೆ ಬರುವ ಕಾಲಿನ ತನಕ ಎಳೆದೆ. 12 ವೋಲ್ಟ್ ಇರಬೇಕಾದಲ್ಲಿ 4 ವೋಲ್ಟ್.

ಮಾಸ್‌ಫೆಟ್‌ಗೆ ನೆಲ ಎಲ್ಲಿದೆ ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಗೇಟ್ ತನ್ನ ಸೋರ್ಸಿಗಿಂತ ಎಷ್ಟು ಮೇಲಿದೆ ಎಂಬುದು ಮಾತ್ರ. ಚೆನ್ನಾಗಿ ತೆರೆಯಲು ಸುಮಾರು 10 ವೋಲ್ಟ್ ಬೇಕು. 3, 4 ವೋಲ್ಟಿನಲ್ಲಿ ಅದು ಬಾಗಿಲನ್ನು ಸ್ವಲ್ಪವೇ ಸರಿಸುತ್ತದೆ. ನನ್ನ ಸರ್ಕ್ಯೂಟಿನಲ್ಲಿ ಸೋರ್ಸ್ ನೆಲದಲ್ಲಿ ಇಲ್ಲ. ಅದು ಇಂಡಕ್ಟರಿಗೆ ಸೇರಿದ ತುದಿ. ಮಾಸ್‌ಫೆಟ್ ತೆರೆಯುತ್ತಿದ್ದಂತೆ ಸೋರ್ಸ್ ಮೇಲೇರುತ್ತದೆ, ಮರ ಹತ್ತುವವರ ಹಾಗೆ. ಗೇಟ್ ನೆಲದಿಂದ 12ರಲ್ಲೇ ಇದೆ. ಸೋರ್ಸ್ 8ಕ್ಕೆ ಏರುವಷ್ಟರಲ್ಲಿ ಇಬ್ಬರ ನಡುವೆ ಉಳಿಯುವುದು 4. ಇನ್ನೂ ಏರಿದರೆ ಮಾಸ್‌ಫೆಟ್ ಮುಚ್ಚಿಕೊಳ್ಳುತ್ತದೆ, ಮುಚ್ಚಿದರೆ ಇಳಿಯುತ್ತದೆ, ಇಳಿದರೆ ತೆರೆಯುತ್ತದೆ. ಹಾಗಾಗಿ ಅದು 8ರಲ್ಲೇ ನಿಲ್ಲುತ್ತದೆ. 24ರ ಅರ್ಧ ಅಲ್ಲ, 8ರ ಅರ್ಧ. 4. ಅದರಲ್ಲಿ ಡಯೋಡಿನದು ಕಳೆದರೆ 3.7. ಬ್ಯಾಟರಿ 28 ಆದರೂ 40 ಆದರೂ ಇದು ಬದಲಾಗುವುದಿಲ್ಲ, ಯಾಕೆಂದರೆ ಮಿತಿ ಹಾಕಿದ್ದು ಗೇಟ್.

ಆ ಮೇಲೆ ಆಲ್ಟ್ ಒತ್ತಿ ಮಾಸ್‌ಫೆಟ್ ಮೇಲೆ ಕ್ಲಿಕ್ ಮಾಡಿದೆ. ಆಗ ಅದರಲ್ಲಿ ಸುಡುವ ಪವರ್ ಕಾಣುತ್ತದೆ. ಸರಾಸರಿ ಏಳೂವರೆ ವಾಟ್. ಲೋಡಿಗೆ ಹೋಗುತ್ತಿದ್ದದ್ದು ಮೂರೂವರೆ ವಾಟ್. ಬ್ಯಾಟರಿಯಿಂದ ತೆಗೆದುಕೊಂಡ ಮೂರರಲ್ಲಿ ಎರಡು ಪಾಲು ಮಾಸ್‌ಫೆಟ್‌ನಲ್ಲೇ ಬಿಸಿಯಾಗಿ ಹೋಗುತ್ತಿತ್ತು. ತೆರೆದು ಮುಚ್ಚುವ ಸ್ವಿಚ್ ಮಾಡಲು ಹೊರಟವನು ಶೂ ಎನ್ನುವ ಅರ್ಧ ತೆರೆದ ವಾಲ್ವನ್ನೇ ಮಾಡಿ ಇಟ್ಟಿದ್ದೆ. ಬೋರ್ಡಿನ ಮೇಲೆ ಆಗಿದ್ದರೆ ಒಂದೇ ನಿಮಿಷದಲ್ಲಿ ವಾಸನೆ ಬರುತ್ತಿತ್ತು, ಬೆರಳು ಇಟ್ಟರೆ ಚುರ್ ಎನ್ನುತ್ತಿತ್ತು. ಸಿಮ್ಯುಲೇಶನ್‌ಗೆ ವಾಸನೆ ಇಲ್ಲ. ಅಲ್ಲಿ ಬಿಸಿಯನ್ನು ನಾವಾಗಿ ಕೇಳಬೇಕು, ಕೇಳದಿದ್ದರೆ ಅದು ಹೇಳುವುದಿಲ್ಲ.

ಎಲ್‌ಟಿಸ್ಪೈಸ್‌ಗೆ ಮೂಲವಾದ ಸ್ಪೈಸ್ ಹುಟ್ಟಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ, 1973ರಲ್ಲಿ ಅದು ಹೊರಗೆ ಬಂತು. ಇವತ್ತಿಗೂ ಒಳಗಿನ ಕೆಲಸ ಅದೇ. ಪ್ರತಿಯೊಂದು ಜಾಯಿಂಟಿಗೂ ಒಳಗೆ ಬಂದ ಕರೆಂಟ್ ಎಷ್ಟೋ ಹೊರಗೆ ಹೋದದ್ದೂ ಅಷ್ಟೇ ಇರಬೇಕು ಎಂದು ಕಿರ್ಚಾಫ್ 1845ರಲ್ಲಿ ಹೇಳಿದ ನಿಯಮ ಹಿಡಿದು ಸಮೀಕರಣ ಬರೆಯುವುದು, ಎಲ್ಲವನ್ನೂ ಒಟ್ಟಿಗೆ ಬಿಡಿಸುವುದು, ಸಮಯವನ್ನು ಒಂದು ಚೂರು ಮುಂದೆ ತಳ್ಳಿ ಪುನಃ ಬಿಡಿಸುವುದು. ಅದರಲ್ಲಿ ಒಂದು ಜಾಯಿಂಟಿಗೆ ಸೊನ್ನೆ ಎಂದು ಹೆಸರು. ಉಳಿದ ಎಲ್ಲ ವೋಲ್ಟೇಜೂ ಆ ಸೊನ್ನೆಯಿಂದ ಅಳೆದದ್ದು. ಆ ಸೊನ್ನೆಯನ್ನು ಎಲ್ಲಿ ಇಡುತ್ತೇವೆ ಎನ್ನುವುದು ನಮ್ಮ ಅನುಕೂಲ, ಸರ್ಕ್ಯೂಟಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ನಾನು ಮೂರು ರಾತ್ರಿ ಆ ಸೊನ್ನೆಯ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿದ್ದೆ.

ಊರಲ್ಲಿ ಈ ವಿಷಯಕ್ಕೆ ಜಗಳವೇ ಆಗುವುದುಂಟು. ಬಾವಿ ತೋಡಿದವರು ಹತ್ತೊಂಬತ್ತು ಕೋಲು ಎನ್ನುತ್ತಾರೆ, ಮನೆಯವರು ಹದಿನೆಂಟು ಎನ್ನುತ್ತಾರೆ. ಒಬ್ಬರು ಕಟ್ಟೆಯ ಮೇಲಿನಿಂದ ಹಗ್ಗ ಬಿಟ್ಟದ್ದು, ಇನ್ನೊಬ್ಬರು ಅಂಗಳದ ಮಟ್ಟದಿಂದ. ಹಗ್ಗವೂ ಸರಿ, ಕೋಲೂ ಸರಿ. ಇನ್ನೂ ಒಂದು ನೆನಪಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಜ್ಜ ಕೂತಿದ್ದ ಜಗಲಿ ಇದ್ದಲ್ಲೇ ಇತ್ತು, ತೋಟ ಇದ್ದಲ್ಲೇ ಇತ್ತು. ಬೆಂಗಳೂರಿಗೆ ಹೋದರೆ ನಾನು ಕೇರಳದವನು, ತಿರುವನಂತಪುರಕ್ಕೆ ಹೋದರೆ ಉತ್ತರದ ತುದಿಯ ಕನ್ನಡದವನು. ಎರಡು ಕಡೆಯೂ ಫಾರ್ಮ್ ತುಂಬುವಾಗ ನನಗೆ ಇದನ್ನು ವಿವರಿಸಬೇಕಾಗುತ್ತದೆ. ಯಾವುದನ್ನು ಎಲ್ಲಿಂದ ಅಳೆದದ್ದು ಎಂದು ಕೇಳುವ ಅಭ್ಯಾಸ ನನಗೆ ಹುಟ್ಟಿನಿಂದಲೇ ಇರಬೇಕಿತ್ತು. ಸರ್ಕ್ಯೂಟಿನ ಎದುರು ಕೂತಾಗ ಮಾತ್ರ ಅದು ಮರೆತುಹೋಯಿತು.

ಸಿಮ್ಯುಲೇಶನ್‌ನಲ್ಲಿ ಸರಿ ಮಾಡುವುದು ಒಂದೇ ತಂತಿಯ ಕೆಲಸ. ಪಲ್ಸ್ ಕೊಡುವ ಮೂಲದ ಮೈನಸ್ ತುದಿಯನ್ನು ನೆಲದಿಂದ ಬಿಚ್ಚಿ ಮಾಸ್‌ಫೆಟ್‌ನ ಸೋರ್ಸಿಗೆ ಕಟ್ಟಿದೆ. ಔಟ್‌ಪುಟ್ 11.7ಕ್ಕೆ ಏರಿತು. ಬ್ಯಾಟರಿಯಿಂದ ತೆಗೆದದ್ದರಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ಲೋಡಿಗೆ ಹೋಗತೊಡಗಿತು. ಆ ರಾತ್ರಿ ತುಂಬ ಸಂತೋಷವಾಗಿತ್ತು, ಜೋರು ಮಳೆಯ ಶಬ್ದದಲ್ಲೂ ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ಎದ್ದಾಗ ಇನ್ನೊಂದು ಪ್ರಶ್ನೆ ಇತ್ತು. ನೆಲಕ್ಕೆ ಸೇರದೆ ಗಾಳಿಯಲ್ಲಿ ತೇಲುವ 12 ವೋಲ್ಟ್, ಸೆಕೆಂಡಿಗೆ ಲಕ್ಷ ಸಲ ಸೋರ್ಸಿನ ಜೊತೆ ಮೇಲೆ ಕೆಳಗೆ ಹೋಗುವಂಥದ್ದು, ಪೇಟೆಯಲ್ಲಿ ಎಲ್ಲಿ ಸಿಗುತ್ತದೆ? ಸಿಮ್ಯುಲೇಟರ್ ಅದನ್ನು ಉಚಿತವಾಗಿ ಕೊಡುತ್ತದೆ. ಬೋರ್ಡಿನಲ್ಲಿ ಅದನ್ನು ನಾವು ಮಾಡಿಕೊಳ್ಳಬೇಕು. ಅದಕ್ಕೆ ಬೂಟ್‌ಸ್ಟ್ರಾಪ್ ಎನ್ನುತ್ತಾರೆ. ಒಂದು ಚಿಕ್ಕ ಕೆಪಾಸಿಟರ್, ಅದರ ಒಂದು ತುದಿ ಮಾಸ್‌ಫೆಟ್‌ನ ಸೋರ್ಸಿಗೆ. ಸೋರ್ಸ್ ನೆಲಕ್ಕೆ ಇಳಿದಾಗ ಒಂದು ಡಯೋಡ್ ಮೂಲಕ ಆ ಕೆಪಾಸಿಟರಿಗೆ 12 ವೋಲ್ಟ್ ತುಂಬುತ್ತದೆ. ಸೋರ್ಸ್ ಮೇಲೇರಿದಾಗ ಕೆಪಾಸಿಟರ್ ತನ್ನ 12 ವೋಲ್ಟ್ ಹೊತ್ತುಕೊಂಡೇ ಮೇಲೇರುತ್ತದೆ, ಡಯೋಡ್ ಹಿಂದಿನ ದಾರಿ ಮುಚ್ಚುತ್ತದೆ. ಮರ ಹತ್ತುವವರು ಕೆಳಗಿನ ಪಂಪ್ ನಂಬದೆ ಸೊಂಟಕ್ಕೆ ಒಂದು ಕ್ಯಾನ್ ಕಟ್ಟಿಕೊಂಡು ಹೋದ ಹಾಗೆ. ಮದ್ದು ಅವರ ಜೊತೆಯೇ ಏರುತ್ತದೆ, ಎತ್ತರದ ಲೆಕ್ಕ ಇಲ್ಲ. ಆದರೆ ಕ್ಯಾನ್ ತುಂಬಿಸಲು ಆಗಾಗ ಇಳಿಯಲೇಬೇಕು. ಹಾಗಾಗಿ ಬೂಟ್‌ಸ್ಟ್ರಾಪ್ ಇರುವ ಸರ್ಕ್ಯೂಟ್‌ನಲ್ಲಿ ಸ್ವಿಚ್ಚನ್ನು ನೂರಕ್ಕೆ ನೂರು ಸಮಯ ತೆರೆದಿಡಲು ಆಗುವುದಿಲ್ಲ. ಈ ಒಂದು ಸಾಲು ಪುಸ್ತಕದಲ್ಲಿ ಓದಿದ್ದೆ, ಯಾಕೆ ಎಂದು ಅರ್ಥವಾದದ್ದು ಈಗ.

ತೇಲುವ 12 ವೋಲ್ಟ್ ತೆಗೆದು ಬೂಟ್‌ಸ್ಟ್ರಾಪ್ ಹಾಕಿದೆ. ಔಟ್‌ಪುಟ್ 11.6. ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಸಿಮ್ಯುಲೇಶನ್ ಸೆಟ್ಟಿಂಗಿನಲ್ಲಿ ಎಷ್ಟು ಸಮಯದಿಂದ ಡೇಟಾ ಉಳಿಸಬೇಕು ಎಂಬ ಒಂದು ಜಾಗ ಇದೆ. ಫೈಲ್ ದೊಡ್ಡದಾಗುವುದು ಬೇಡ, ಶುರುವಿನ ಗಲಾಟೆ ನೋಡಿ ಏನು ಪ್ರಯೋಜನ ಎಂದು ಮೊದಲ ರಾತ್ರಿಯೇ ಅಲ್ಲಿ 5 ಮಿಲಿಸೆಕೆಂಡ್ ಎಂದು ಹಾಕಿದ್ದೆ. ಅದು ಹಾಗೇ ಉಳಿದಿತ್ತು. ಅಂದರೆ ನಾನು ಇಷ್ಟು ದಿನ ನೋಡಿದ್ದೆಲ್ಲ 5 ಮಿಲಿಸೆಕೆಂಡ್ ಆದ ನಂತರದ, ಎಲ್ಲ ಶಾಂತವಾದ ಮೇಲಿನ ಸರ್ಕ್ಯೂಟ್. ಅದನ್ನು ಸೊನ್ನೆ ಮಾಡಿ ಓಡಿಸಿದೆ. ಸ್ವಿಚ್ ಹಾಕಿದ ಕಾಲು ಮಿಲಿಸೆಕೆಂಡಿನಲ್ಲಿ ಔಟ್‌ಪುಟ್ 19 ವೋಲ್ಟಿನ ಹತ್ತಿರ ಏರಿ, ಇಳಿದು, ಪುನಃ ಏರಿ, ನಾಲ್ಕೈದು ಸಲ ತೂಗಿ ಆಮೇಲೆ ನಿಲ್ಲುತ್ತಿತ್ತು. ಇಂಡಕ್ಟರಿನ ಕರೆಂಟ್ 12 ಆಂಪಿಯರ್ ದಾಟಿತ್ತು.

ಇದಕ್ಕೂ ಕಾರಣ ಇದೆ. 68 ಮೈಕ್ರೋಹೆನ್ರಿ ಮತ್ತು 100 ಮೈಕ್ರೋಫ್ಯಾರಡ್ ಸೇರಿದರೆ ಅದೊಂದು ಉಯ್ಯಾಲೆ, ಸೆಕೆಂಡಿಗೆ 1900 ಚಿಲ್ಲರೆ ಸಲ ತೂಗುವಂಥದ್ದು. ಖಾಲಿ ಕೆಪಾಸಿಟರ್ ಮೇಲೆ ಒಮ್ಮೆಲೇ ಸರಾಸರಿ 12 ವೋಲ್ಟ್ ತಳ್ಳಿದರೆ ಉಯ್ಯಾಲೆ ದೂಡಿದ ಹಾಗೆ ಆಚೆ ತುದಿಗೆ ಹೋಗಿಯೇ ಹೋಗುತ್ತದೆ. 4 ಓಮ್ ಲೋಡ್ ಅದನ್ನು ತಡೆಯುವಷ್ಟು ಬಲವಾದದ್ದಲ್ಲ. 12 ವೋಲ್ಟಿನ ರೂಟರಿಗೆ 19 ವೋಲ್ಟ್ ಕಾಲು ಮಿಲಿಸೆಕೆಂಡ್ ಸಿಕ್ಕಿದರೂ ಸಾಕು, ಹಾಳಾಗಬಹುದು. ಅದೂ ಸ್ವಿಚ್ ಹಾಕಿದಾಗಲೆಲ್ಲ, ಪ್ರತಿ ಸಲ. ಇನ್ನೂ ಒಂದಿದೆ. ಸಿಮ್ಯುಲೇಟರಿನ ಇಂಡಕ್ಟರ್ ಎಷ್ಟು ಕರೆಂಟ್ ಹರಿದರೂ 68 ಮೈಕ್ರೋಹೆನ್ರಿಯೇ. ಪೇಟೆಯಿಂದ ತಂದ 5 ಆಂಪಿಯರಿನದ್ದು 12 ಆಂಪಿಯರಿಗೆ ತುಂಬಿಹೋಗಿ ಬರೀ ತಾಮ್ರದ ತಂತಿಯ ಹಾಗೆ ಆಗುತ್ತದೆ. ಆಗ ಕರೆಂಟ್ ಇನ್ನೂ ಏರುತ್ತದೆ.

ಪರಿಹಾರ ಸಾಫ್ಟ್ ಸ್ಟಾರ್ಟ್. ಸ್ವಿಚ್ ತೆರೆದಿರುವ ಸಮಯವನ್ನು ಸೊನ್ನೆಯಿಂದ ಶುರುಮಾಡಿ ಕೆಲವು ಮಿಲಿಸೆಕೆಂಡಿನಲ್ಲಿ ನಿಧಾನವಾಗಿ ಏರಿಸುವುದು. ತೋಟದಲ್ಲಿ ಸ್ಪ್ರಿಂಕ್ಲರ್ ಲೈನಿಗೆ ವಾಲ್ವ್ ಬಿಡುವಾಗ ಅಮ್ಮ ಯಾವಾಗಲೂ ಹೇಳುವುದು ಅದನ್ನೇ, “ಮೆಲ್ಲ ತಿರುಗಿಸು, ಪೈಪ್ ಹಾರ್ತದೆ.” 5 ಮಿಲಿಸೆಕೆಂಡಿನಲ್ಲಿ ಏರಿಸಿದಾಗ ಗ್ರಾಫಿನಲ್ಲಿದ್ದ 19 ವೋಲ್ಟಿನ ಆ ಗುಡ್ಡ ಹೆಚ್ಚುಕಡಿಮೆ ಮಾಯವಾಯಿತು.

ಇಷ್ಟಾದ ಮೇಲೆ ನಾನು ನೋಡದೆ ಬಿಟ್ಟದ್ದು ಇನ್ನೇನಿದೆ ಎಂದು ಹುಡುಕತೊಡಗಿದೆ. ಲೋಡ್ ಯಾವಾಗಲೂ 4 ಓಮ್ ಇಟ್ಟಿದ್ದೆ. ಆದರೆ ರಾತ್ರಿ ದೀಪ ಎಲ್ಲ ಆರಿಸಿದ ಮೇಲೆ ರೂಟರ್ ಒಂದೇ ಅಲ್ವಾ? ಲೋಡನ್ನು 40 ಓಮ್ ಮಾಡಿದೆ. ಔಟ್‌ಪುಟ್ 13.5 ಹತ್ತಿರ. 120 ಓಮ್ ಮಾಡಿದೆ. 18ರ ಹತ್ತಿರ. ಇಂಡಕ್ಟರಿನ ಕರೆಂಟ್ ಸುತ್ತಿನ ನಡುವೆಯೇ ಸೊನ್ನೆಗೆ ಇಳಿದು ನಿಂತುಬಿಡುತ್ತದೆ, ಡಯೋಡ್ ಅದನ್ನು ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಆಮೇಲೆ ಅರ್ಧ ಸಮಯಕ್ಕೆ ಅರ್ಧ ವೋಲ್ಟ್ ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನನ್ನ ಸರ್ಕ್ಯೂಟಿಗೆ ಈ ಗಡಿ ಸುಮಾರು 0.44 ಆಂಪಿಯರ್, ಏರಿಳಿತದ ಅರ್ಧ. ಅದಕ್ಕಿಂತ ಕಡಿಮೆ ಎಳೆದರೆ ಔಟ್‌ಪುಟ್ ಮೇಲೇರುತ್ತದೆ. ಹಾಗಾಗಿ ಔಟ್‌ಪುಟ್ಟನ್ನು ನೋಡಿ ಸಮಯವನ್ನು ತಾನೇ ತಿದ್ದಿಕೊಳ್ಳುವ ಫೀಡ್‌ಬ್ಯಾಕ್ ಇಲ್ಲದೆ ಇದನ್ನು ರೂಟರಿಗೆ ಕಟ್ಟುವ ಪ್ರಶ್ನೆಯೇ ಇಲ್ಲ.

ಸದ್ಯಕ್ಕೆ ರೂಟರ್ ನಡೆಯುತ್ತಿರುವುದು ಎಲ್‌ಎಂ2596 ಐಸಿ ಇರುವ ಒಂದು ರೆಡಿ ಬೋರ್ಡಿನಲ್ಲಿ. 40 ವೋಲ್ಟ್ ತನಕ ಕೊಡಬಹುದು, 3 ಆಂಪಿಯರಿನ ಐಸಿ, 150 ಕಿಲೋಹರ್ಟ್ಸ್, ಫೀಡ್‌ಬ್ಯಾಕ್ ಒಳಗೇ ಇದೆ. ಅದರ ಡೇಟಾಶೀಟನ್ನು ಈಗ ಓದಿದರೆ ಪ್ರತಿಯೊಂದು ಸಾಲೂ ಯಾಕೆ ಅಲ್ಲಿದೆ ಎಂದು ಗೊತ್ತಾಗುತ್ತದೆ. ಜೂನ್‌ನಲ್ಲಿ ಓದಿದ್ದಾಗ ಹಾಗಿರಲಿಲ್ಲ.

ನನ್ನ ಸರ್ಕ್ಯೂಟನ್ನೂ ಬಿಟ್ಟಿಲ್ಲ. ಗೇಟಿಗೆ ಪಲ್ಸ್ ಕೊಡುವ ಹೈಸೈಡ್ ಡ್ರೈವರ್ ಐಸಿ, ಬೂಟ್‌ಸ್ಟ್ರಾಪ್ ಎಲ್ಲ ಸೇರಿಸಿ ತೂತಿನ ಬೋರ್ಡಿನ ಮೇಲೆ ಬೆಸುಗೆ ಹಾಕಿದೆ. ಡ್ರೈವರಿಗೆ ಬೇಕಾದ 12 ವೋಲ್ಟನ್ನು 24ರಿಂದಲೇ 7812 ಎಂಬ ಲೀನಿಯರ್ ರೆಗ್ಯುಲೇಟರ್ ಹಾಕಿ ತೆಗೆದೆ, ಅಲ್ಲಿ ಹರಿಯುವುದು ಸ್ವಲ್ಪ ಮಾತ್ರ. ಮೊದಲ ಸಲ ಬ್ಯಾಟರಿ ಕೊಡುವಾಗ ಕಾರಿನ ಇಂಡಿಕೇಟರಿನ ಎರಡು 12 ವೋಲ್ಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿದ್ದೆ. ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಬಲ್ಬ್ ಒಮ್ಮೆ ಕೆಂಪಾಗಿ ಆರಿತು.

ಅಪ್ಪ ಜಗಲಿಯಿಂದಲೇ ಕೇಳಿದರು, “ಎಂತಾಯ್ತು? ಬಂತಾ?”

“ಒಂದು ನಿಮಿಷ ಅಪ್ಪ.”

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ, ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಸ್ಕೋಪ್ ಒಂದನ್ನು ಗೆಳೆಯನಿಂದ ತಂದಿದ್ದೆ. ಅದು ಎಲ್ಲಿಯೂ ಅರ್ತ್‌ಗೆ ಸೇರಿಲ್ಲ, ಹಾಗಾಗಿ ಅದರ ಕಪ್ಪು ಕ್ಲಿಪ್ಪನ್ನು ಬೇಕಾದಲ್ಲಿ ಹಾಕಬಹುದು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸ್ಕೋಪ್ ಆಗಿದ್ದರೆ ಹೀಗೆ ಮಾಡಬಾರದು. ಔಟ್‌ಪುಟ್ ನೋಡಲಿಲ್ಲ. ಕಪ್ಪು ಕ್ಲಿಪ್ಪನ್ನು ಮಾಸ್‌ಫೆಟ್‌ನ ಸೋರ್ಸ್ ಕಾಲಿಗೆ ಕಚ್ಚಿಸಿ, ಕೆಂಪನ್ನು ಗೇಟಿಗೆ ಇಟ್ಟೆ. 11.2 ವೋಲ್ಟ್, ಚೌಕಾಕಾರ, ಒಂದೇ ಸಮ.